ಸುಟ್ಟ ಚಾಪೆಗಳ ಪುಸ್ತಕ

ಆ ಕೈಬರಹ ಮೊದಲ ನೋಟಕ್ಕೇ ನನಗೆ ಇಷ್ಟವಾಗಿತ್ತು. ಇದನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ, ಮುಂದಿನ ತಪ್ಪೆಲ್ಲ ಹುಟ್ಟಿದ್ದು ಅಲ್ಲಿಂದಲೇ. ಗೆರೆಯ ಮೇಲೆ ನೆಟ್ಟಗೆ ಕೂತ ಇಂಗ್ಲಿಷ್ ಅಕ್ಷರಗಳು. ಒಂದು ಚಿತ್ತಿಲ್ಲ, ಅಂಕಣದ ಆಚೆಗೆ ಚಾಚಿದ ಒಂದು ಬಾಲವೂ ಇಲ್ಲ. ನಾನು ನಾಲ್ಕು ದಶಕ ನರ್ಸಾಗಿದ್ದವಳು, ಕೊನೆಯ ವರ್ಷಗಳಲ್ಲಿ ಮೇಟ್ರನ್ ಆಗಿ ಹುಡುಗಿಯರ ರಿಜಿಸ್ಟರುಗಳನ್ನು ದಿನಾ ನೋಡಿ ಸಹಿ ಹಾಕಿದವಳು. ಇಂಥ ಗುಮಾಸ್ತ ನನ್ನ ಕೈಕೆಳಗೆ ಒಬ್ಬ ಇದ್ದಿದ್ದರೆ ಎಂದು ಆ ಪುಟದ ಮುಂದೆ ಕೂತು ಅಂದುಕೊಂಡೆ.

ಈಗ ಅದೇ ಪುಟ ನೆನಪಾದರೆ ಬಾಯಲ್ಲಿ ಕಹಿ ನೀರು ಬರುತ್ತದೆ.

ನಾನಿರುವುದು ಕೌಲಾಲಂಪುರದಿಂದ ರೈಲಿನ ದಾರಿಯಲ್ಲಿರುವ ನಿಲಾಯ್‌ನಲ್ಲಿ, ಮಗಳ ಮನೆಯಲ್ಲಿ. ಅವಳು ಇಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಬೆಳಿಗ್ಗೆ ಐದಕ್ಕೆ ಏಳುವುದು, ಐದೂವರೆಗೆ ಸ್ನಾನ, ಆರೂವರೆಗೆ ಹಿತ್ತಲಿನ ಗಿಡಗಳಿಗೆ ನೀರು. ಹಿತ್ತಲೆಂದರೆ ಸಾಲುಮನೆಯ ಹಿಂದಿನ ಹತ್ತು ಹೆಜ್ಜೆ ಜಾಗ. ಮೋಟು ಗೋಡೆಯ ಆಚೆ ಇನ್ನೊಂದು ಅಷ್ಟೇ ಜಾಗ, ಅದರಲ್ಲಿ ಪಕ್ಕದ ಮನೆಯ ಅಕ್ಕ. ಎಂಬತ್ತನಾಲ್ಕು ದಾಟಿದ ತಮಿಳು ಹೆಂಗಸು, ರಬ್ಬರ್ ತೋಟದ ಕೂಲಿಗಳ ಲೈನು ಮನೆಯಲ್ಲಿ ಹುಟ್ಟಿ ಬೆಳೆದವರು. ಅವರು ತಮಿಳಿನಲ್ಲಿ ಕೇಳುತ್ತಾರೆ, ನಾನು ಕನ್ನಡ ಬೆರೆಸಿದ ತಮಿಳಿನಲ್ಲಿ ಉತ್ತರ ಕೊಡುತ್ತೇನೆ. ಇಬ್ಬರಿಗೂ ತಿಳಿಯುತ್ತದೆ.

"ಸಿಸ್ಟರ್, ನಿಮ್ಮ ಗಡಿಯಾರ ನಿಂತ್ರೆ ಈ ಬೀದಿ ಹುಂಜಗಳೆಲ್ಲ ಕೂಗೋದನ್ನೇ ಮರೀತಾವೆ ಲಾ," ಎಂದು, ಇಲ್ಲಿಯವರೆಲ್ಲ ಮಾತಿನ ಕೊನೆಗೆ ಸೇರಿಸುವ ಆ ಲಾ ಎಳೆದು, ಅವರು ಗೋಡೆಯ ಮೇಲಿಂದ ನಗುತ್ತಿದ್ದರು.

ಒಂದು ಬೆಳಿಗ್ಗೆ ನಗಲಿಲ್ಲ. ನೀರಿನ ಪೈಪನ್ನು ಕೆಳಗಿಟ್ಟು, "ನಿಮಗೆ ಆಸ್ಪತ್ರೆ ಕಾಗದ ಓದೋಕೆ ಬರುತ್ತಲ್ಲ. ನಮ್ಮಪ್ಪನ್ನ ಹುಡುಕಿ ಕೊಡಿ," ಎಂದರು.

ಅವರಿಗೆ ಏಳೋ ಎಂಟೋ ವರ್ಷವಾಗಿದ್ದಾಗ, ರಬ್ಬರ್ ಹಾಲು ಇಳಿಸುವ ಕೆಲಸದಲ್ಲಿದ್ದ ಅಪ್ಪನ ಎರಡೂ ಕಾಲಿಗೆ ಹುಣ್ಣಾಯಿತು. ಕೆಲಸಕ್ಕೆ ಬರದವನನ್ನು ತೋಟದವರು ಲಾರಿ ಹತ್ತಿಸಿ ಪಟ್ಟಣದ ಒಂದು ಸರ್ಕಾರಿ ಮನೆಗೆ ಕಳಿಸಿದರು. ಬಿಳಿಯರ ಆಡಳಿತದ ಕಾಲ. ಮುದುಕರು, ಕುರುಡರು, ಹುಣ್ಣಿನವರು, ಒಟ್ಟಿನಲ್ಲಿ ಕೆಲಸ ಮಾಡಿಸಿಕೊಳ್ಳಲು ಆಗದ ಬಡವರನ್ನು ಇಡಲು ಕಟ್ಟಿದ ಜಾಗ ಅದು. ಅದರ ಇಂಗ್ಲಿಷ್ ಹೆಸರನ್ನು ನೇರವಾಗಿ ಹೇಳಿದರೆ ಕೈಲಾಗದವರ ಮನೆ. ಕೆಲವು ತಿಂಗಳ ಮೇಲೆ ತೋಟದ ಕಿರಾಣಿ, ಎಂದರೆ ಲೆಕ್ಕ ಬರೆಯುವ ಗುಮಾಸ್ತ, ಲೈನಿಗೆ ಬಂದು ಅಮ್ಮನಿಗೆ, ನಿನ್ನ ಗಂಡ ಅಲ್ಲಿಂದ ಓಡಿಹೋಗಿದ್ದಾನೆ ಎಂದು ಹೇಳಿ ಹೋದ. ಯಾವಳನ್ನೋ ಕಟ್ಟಿಕೊಂಡು ದೂರದ ಈಪೋ ಪಟ್ಟಣ ಸೇರಿದ್ದಾನೆ ಎಂದು ಉಳಿದದ್ದನ್ನು ಲೈನಿನವರು ಸೇರಿಸಿದರು.

"ನನ್ನ ಮದುವೆ ದಿನ ಅತ್ತೆ ಏನಂದಳು ಗೊತ್ತಾ? ಓಡಿಹೋದವನ ಮಗಳು, ಬೇಲಿ ಕಡೆ ಒಂದು ಕಣ್ಣಿಟ್ಟಿರಿ ಅಂತ. ಊಟಕ್ಕೆ ಕೂತವರೆಲ್ಲ ನಕ್ಕರು."

"ಇಷ್ಟು ವರ್ಷದ ಮೇಲೆ ಯಾಕೆ ಅಕ್ಕಾ?"

"ಪ್ರೀತಿಗಲ್ಲ ಸಿಸ್ಟರ್. ಪ್ರತಿ ಆಡಿ ಅಮಾವಾಸ್ಯೆಗೆ ನನ್ನ ಮಗ ಕೋವಿಲಿನಲ್ಲಿ ಹಿರಿಯರಿಗೆಲ್ಲ ಎಳ್ಳುನೀರು ಬಿಡ್ತಾನೆ. ನಮ್ಮಪ್ಪನ ಹೆಸರು ಮಾತ್ರ ಹೇಳಬೇಡ ಅಂತ ನಾನೇ ತಡೆದಿದ್ದೀನಿ. ಈಗ ನನಗೂ ಎದೆ ಸರಿ ಇಲ್ಲ. ನಾನು ಹೋದ ಮೇಲೆ ಆ ಹೆಸರು ಗೊತ್ತಿರೋರೇ ಇರಲ್ಲ. ಅವನು ಎಲ್ಲಿಗೆ ಓಡಿದ ಅಂತ ತಿಳೀಬೇಕು. ನಿಜವಾಗ್ಲೂ ಓಡಿದ್ರೆ ನೆಮ್ಮದಿಯಾಗಿ ಬೈದು ಮುಗಿಸ್ತೀನಿ."

ಮಂಗಳವಾರ ಮತ್ತು ಗುರುವಾರ ಎಂದು ಗೊತ್ತು ಮಾಡಿಕೊಂಡೆ. ಬೆಳಗಿನ ರೈಲಿನಲ್ಲಿ ಕೌಲಾಲಂಪುರ, ಅಲ್ಲಿಂದ ಹಳೆಯ ದಾಖಲೆಗಳನ್ನು ಇಟ್ಟಿರುವ ಕಚೇರಿ. ಸಂಜೆ ತಮಿಳರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸ್‌ನಲ್ಲಿ ಇಳಿದು ಮಲ್ಲಿಗೆ, ಕರಿಬೇವು ತೆಗೆದುಕೊಂಡು ವಾಪಸು. ಓದುವ ಕೋಣೆ ನನಗೆ ಒಗ್ಗಿತು. ಚೀಲ ಹೊರಗೆ, ಪೆನ್ನು ಹೊರಗೆ, ಒಂದು ಸಲಕ್ಕೆ ಒಂದು ಪೆಟ್ಟಿಗೆ. ಅಲ್ಲಿಯ ಮಲಾಯ್ ಹೆಂಗಸು ಮೊದಲ ದಿನವೇ, "ಆಂಟಿ, ಪೆನ್ಸಿಲ್ ಮಾತ್ರ ಲಾ. ಎಂಜಲು ಹಚ್ಚಿ ಪುಟ ತಿರುಗಿಸಿದರೆ ನಾನು ಅಳ್ತೀನಿ," ಎಂದಳು. ಎಂಜಲು ಹಚ್ಚುವವರ ಬೆರಳಿಗೆ ಸ್ಕೇಲಿನಿಂದ ಹೊಡೆಯುತ್ತಿದ್ದವಳು ನಾನು ಎಂದೆ. ಅಲ್ಲಿಂದ ನಮಗೆ ಹೊಂದಿತು.

ಮೂರನೆಯ ಭೇಟಿಯಲ್ಲಿ ದಾಖಲಾತಿ ಪುಸ್ತಕ ಸಿಕ್ಕಿತು. ಅದೇ ಆ ಅಂದದ ಕೈಬರಹ. ಹೆಸರು, ಬಂದ ತೋಟ, ಕಾಯಿಲೆ, ಹಾಸಿಗೆಯ ಸಂಖ್ಯೆ, ಕೊನೆಯ ಅಂಕಣದಲ್ಲಿ ಏನಾದ ಎಂಬುದು: ಗುಣವಾಗಿದೆ, ಊರಿಗೆ ಕಳಿಸಿದೆ, ಮೃತ, ಪರಾರಿ. ಈ ನಾಲ್ಕರಲ್ಲಿ ಒಂದು. ಅಕ್ಕನ ಅಪ್ಪ ಹದಿನೇಳನೆಯ ಹಾಸಿಗೆ. ಎರಡೂ ಪಾದಕ್ಕೆ ಹುಣ್ಣು, ಜೊತೆಗೆ ರಕ್ತಭೇದಿ. ಕೊನೆಯ ಅಂಕಣದಲ್ಲಿ ಪರಾರಿ ಎಂದಿತ್ತು, ತಾರೀಖು ಸಮೇತ.

ಅದೇ ಸಂಜೆ ಗೋಡೆಯ ಬಳಿ ನಿಂತು ಹೇಳಿದೆ. ರೋಗಿಯ ಮನೆಯವರಿಗೆ ಹೇಗೆ ಹೇಳುತ್ತಿದ್ದೆನೋ ಹಾಗೆ, ನಿಂತುಕೊಂಡೇ, ಸುತ್ತು ಬಳಸಿಲ್ಲದೆ.

"ಅಕ್ಕಾ, ಪುಸ್ತಕದಲ್ಲಿ ಸ್ಪಷ್ಟವಾಗಿದೆ. ಓಡಿಹೋಗಿದ್ದಾರೆ."

"ಬರೆದವನು ತಪ್ಪು ಮಾಡಿರಬಹುದಾ?"

"ಆ ಪುಸ್ತಕದಲ್ಲಿ ಒಂದೂ ತಪ್ಪಿಲ್ಲ."

ಅವರು ನಲ್ಲಿ ನಿಲ್ಲಿಸಿ ಒಳಗೆ ಹೋದರು. ಮರುದಿನ ಆರೂವರೆಗೆ ಗೋಡೆಯ ಆಚೆ ಯಾರೂ ಇರಲಿಲ್ಲ. ಬಿಸಿಲೇರಿದ ಮೇಲೆ ಅವರ ಮಗ ಬಂದು ಗಿಡಗಳಿಗೆ ನೀರು ಹಾಕಿದ.

ನನ್ನ ಮಟ್ಟಿಗೆ ಕೆಲಸ ಮುಗಿದಿತ್ತು. ಆದರೂ ಗುರುವಾರ ಹೋದೆ. ಪೆಟ್ಟಿಗೆಯ ತಳದಲ್ಲಿ ಇನ್ನೊಂದಿಷ್ಟು ಕಾಗದ ಉಳಿದಿತ್ತು, ಅರ್ಧ ನೋಡಿದ ಪೆಟ್ಟಿಗೆಯನ್ನು ವಾಪಸು ಕಳಿಸುವ ಅಭ್ಯಾಸ ನನಗಿಲ್ಲ. ಬೇರೆ ಯಾವ ಉದ್ದೇಶವೂ ಇರಲಿಲ್ಲ.

ತಳದಲ್ಲಿದ್ದದ್ದು ದೋಬಿ ಪುಸ್ತಕ. ಅಗಸನಿಗೆ ಕೊಟ್ಟ, ಅವನಿಂದ ಬಂದ ಬಟ್ಟೆಗಳ ಪಟ್ಟಿ. ಮಾಸಿದ ಪೆನ್ಸಿಲ್, ಓರೆಕೋರೆ ಅಕ್ಷರ, ನೀರು ಬಿದ್ದು ಉಬ್ಬಿದ ಹಾಳೆ. ಇಂಥ ಪುಸ್ತಕವನ್ನು ಯಾವ ಅಧಿಕಾರಿಯೂ ತೆರೆದು ನೋಡುವುದಿಲ್ಲ. ನನಗೆ ಮಾತ್ರ ಅದನ್ನು ಓದಲು ಬರುತ್ತದೆ, ವಾರ್ಡಿನಲ್ಲಿ ನಾನು ಮೊದಲು ಕಲಿತದ್ದೇ ಅದು. ರೋಗಿ ಮನೆಗೆ ಹೋದರೆ ಅವನ ಹಾಸು ಕುದಿನೀರಿಗೆ. ಭೇದಿಯಲ್ಲಿ ಸತ್ತರೆ ಹಾಸು ಬೆಂಕಿಗೆ. ರೋಗಿಯ ಸ್ವಂತ ಬಟ್ಟೆ ಗಂಟು ಕಟ್ಟಿ ಉಗ್ರಾಣದಲ್ಲಿರುತ್ತದೆ, ಹೋಗುವಾಗ ಕೊಡುತ್ತಾರೆ. ಸತ್ತರೆ ಅದೂ ಬೆಂಕಿಗೆ. ಅಲ್ಲಿಯೂ ಇದೇ ಪದ್ಧತಿ ಎಂದು ಎರಡು ಪುಟ ಓದುವಷ್ಟರಲ್ಲಿ ಗೊತ್ತಾಯಿತು.

ಅಭ್ಯಾಸಬಲದಿಂದ ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡತೊಡಗಿದೆ. ಗುಣವಾದವರ ಚಾಪೆ ಕುದಿಸಿದೆ. ಮೃತರ ಚಾಪೆ ಸುಟ್ಟಿದೆ. ಪರಾರಿಯಾದವನೊಬ್ಬನ ಚಾಪೆ ಕುದಿಸಿದೆ, ಅವನ ಬಟ್ಟೆಗಂಟು ಕಾಣೆಯಾಗಿದೆ. ಓಡಿಹೋಗುವವನು ಹಾಗೇ ತಾನೆ, ತನ್ನ ಬಟ್ಟೆ ಎತ್ತಿಕೊಂಡೇ ಓಡುತ್ತಾನೆ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಆಮೇಲೆ ಹದಿನೇಳನೆಯ ಹಾಸಿಗೆ ಬಂತು. ಪರಾರಿಯಾದ ಅದೇ ತಾರೀಖು. ಚಾಪೆ ಒಂದು, ಕಂಬಳಿ ಒಂದು, ಸ್ವಂತ ವೇಷ್ಟಿ, ಎಂದರೆ ಪಂಚೆ, ಒಂದು, ಹೆಗಲಿನ ತುಂಡು ಒಂದು. ಸುಟ್ಟಿದೆ.

ಪುಟ ತಿರುಗಿಸಿದೆ. ಇನ್ನೊಬ್ಬ ಪರಾರಿ, ಅವನ ಚಾಪೆಯೂ ಸುಟ್ಟಿದೆ. ಮತ್ತೊಬ್ಬ. ಅವನ ಕಾಯಿಲೆಯ ಅಂಕಣದಲ್ಲಿ ಎರಡು ಕಣ್ಣೂ ಕುರುಡು, ಏಳಲಾರ ಎಂದು ಅದೇ ಅಂದದ ಕೈ ಬರೆದಿತ್ತು. ಏಳಲಾರದ ಕುರುಡ ಬಟ್ಟೆ ಬಿಟ್ಟು ಪರಾರಿಯಾಗಿದ್ದ.

ಹೀಗೆ ಯಾಕೆ ಬರೆದರೆಂದು ತಿಳಿಯಲು ಹೆಚ್ಚು ಹುಡುಕಬೇಕಾಗಲಿಲ್ಲ. ಅದೇ ಕಟ್ಟಿನಲ್ಲಿ ಮೇಲಧಿಕಾರಿಯ ಪತ್ರವಿತ್ತು. ಈ ಮನೆಯಲ್ಲಿ ಸಾವುಗಳು ಇಳಿದಿರುವುದು ಮೆಚ್ಚತಕ್ಕ ವಿಷಯ, ವ್ಯವಸ್ಥಾಪಕರಿಗೆ ಅಭಿನಂದನೆ. ಕೆಳಗೆ ಇನ್ನೊಂದು ಮಾತು: ಓಡಿಹೋಗುವವರು ಹೆಚ್ಚುತ್ತಿರುವುದು ಒಳ್ಳೆಯದಲ್ಲ, ಬೇಲಿಯನ್ನು ಎತ್ತರಿಸಬೇಕು. ಅದರ ಹಿಂದೆಯೇ ಬಡಗಿಯ ಕಾಗದ. ಬೇಲಿ ಎತ್ತರಿಸಲಾಗಿದೆ.

ಎತ್ತರಿಸಿದ್ದಾರೆ! ಕೂರಲು ಆಗದವರು ಹಾರದಂತೆ.

ನಾನು ಕೀವು ತೊಳೆದವಳು, ಹುಳ ಬಿದ್ದ ಗಾಯಕ್ಕೆ ಪಟ್ಟಿ ಕಟ್ಟಿ ಕೈ ತೊಳೆದು ಊಟಕ್ಕೆ ಕೂತವಳು. ಒಂದು ದಿನವೂ ಹೇಸಿದ್ದಿಲ್ಲ. ಆವತ್ತು ಆ ಶುಭ್ರವಾದ ಪುಟದ ಮುಂದಿನಿಂದ ಎದ್ದು ಬಚ್ಚಲಿಗೆ ಓಡಿದೆ. ವಾಂತಿ ಮಾಡಿ ಮುಖ ತೊಳೆದು ಬಂದಾಗ ಮಲಾಯ್ ಹೆಂಗಸು ನೀರಿನ ಬಾಟಲಿ ಹಿಡಿದು ಬಾಗಿಲಲ್ಲಿದ್ದಳು.

"ಆಂಟಿ, ಓಕೆನಾ? ಧೂಳಾ?"

"ಧೂಳಲ್ಲ. ಆ ಪುಸ್ತಕದಲ್ಲಿ ಸುಳ್ಳು ಬರೆದಿದ್ದಾರೆ. ಪಕ್ಕದಲ್ಲಿ ಸರಿಯಾದದ್ದನ್ನು ಸಣ್ಣದಾಗಿ ಪೆನ್ಸಿಲಿನಲ್ಲಿ ಬರೆಯಬಹುದಾ?"

"ಅಯ್ಯೋ, ಒಂದು ಚುಕ್ಕೆಯನ್ನೂ ಇಡುವ ಹಾಗಿಲ್ಲ ಆಂಟಿ. ಸುಳ್ಳೇ ಆದರೂ ಅದನ್ನು ಕಾಪಾಡೋದೇ ನನ್ನ ಕೆಲಸ."

ಅವಳ ತಪ್ಪೇನೂ ಇಲ್ಲ. ರಿಜಿಸ್ಟರಿನಲ್ಲಿ ತಿದ್ದಬಾರದು, ಒಂದರ ಮೇಲೊಂದು ಬರೆಯಬಾರದು ಎಂದು ನಾನೇ ಎಷ್ಟು ಹುಡುಗಿಯರಿಗೆ ಬೈದಿಲ್ಲ.

ಮನೆಗೆ ಬಂದಾಗ ಮಗಳು ಮೇಜಿನ ಮೇಲೆ ಪಾರ್ಸೆಲ್ ತಂದ ದೋಸೆಯ ಪೊಟ್ಟಣ ಬಿಚ್ಚುತ್ತಿದ್ದಳು. "ಅಮ್ಮ, ಎಂತ ಮುಖ ಇದು? ಮಾಮಾಕ್ ಹೋಟೆಲಿನಿಂದ ತೋಸೈ ಟಪಾವ್ ಮಾಡಿ ತಂದಿದ್ದೇನೆ, ಬಿಸಿ ಉಂಟು, ತಿನ್ನು."

ತಿನ್ನಲಿಲ್ಲ. ಎಲ್ಲ ಹೇಳಿದೆ. ಅವಳು ಕೇಳುತ್ತ ಚಟ್ನಿಗೆ ಅದ್ದಿ ಅದ್ದಿ ತಿಂದಳು.

"ಡೇಟಾ ಕ್ಲೀನ್ ಮಾಡುವುದು ಅಂದ್ರೆ ಅದೇ ಅಲ್ವಾ ಅಮ್ಮ. ಎಲ್ಲ ಕಡೆ ಉಂಟು. ನೀನು ಇಷ್ಟು ಶಾಕ್ ಆಗುವುದೇ ನನಗೆ ಆಶ್ಚರ್ಯ. ನಿಮ್ಮ ಕಾಲದಲ್ಲಿ ಇರ್ಲಿಲ್ವಾ?"

ಇತ್ತು. ಅದನ್ನೇ ರೈಲಿನ ಉದ್ದಕ್ಕೂ ಬದಿಗೆ ತಳ್ಳುತ್ತ ಬಂದಿದ್ದೆ.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ನಮ್ಮೂರ ಕಡೆಯ ಕರಾವಳಿಯ ಒಂದು ಸರ್ಕಾರಿ ಆಸ್ಪತ್ರೆ. ವರಾಂಡದ ಕೊನೆಯಲ್ಲಿ ಒಬ್ಬಳು ಮುದುಕಿ, ಬಸ್ ಸ್ಟ್ಯಾಂಡಿನಿಂದ ಯಾರೋ ತಂದು ಬಿಟ್ಟವಳು. ಬಂದ ದಿನ ಜ್ಞಾನವಿರಲಿಲ್ಲ, ರಿಜಿಸ್ಟರಿನಲ್ಲಿ ಹೆಸರು ತಿಳಿಯದು ಎಂದು ಬರೆದಿದ್ದರು. ನಾಲ್ಕನೆಯ ದಿನ ನಾನು ಮೈ ಒರೆಸುತ್ತಿದ್ದಾಗ ಕಣ್ಣು ಬಿಟ್ಟು ತನ್ನ ಹೆಸರು ಹೇಳಿದಳು. ಮರುದಿನ ಮತ್ತೆ ಹೇಳಿದಳು, ಮರೆತೆಯೇನೋ ಎಂಬಂತೆ. ನಾನು ಬರೆದುಕೊಳ್ಳಲಿಲ್ಲ. ಹೆಸರಿನ ಅಂಕಣ ಆಗಲೇ ತುಂಬಿತ್ತು, ತಿದ್ದುವಂತಿರಲಿಲ್ಲ.

ಒಂದು ಬೆಳಿಗ್ಗೆ ನಾನು ಡ್ಯೂಟಿಗೆ ಬರುವಾಗ ಅವಳು ಸತ್ತಿದ್ದಳು. ಹತ್ತು ಗಂಟೆಗೆ ಇನ್ಸ್‌ಪೆಕ್ಷನ್. ವಾರ್ಡಿನ ಹಿರಿಯ ಸಿಸ್ಟರ್ ನನ್ನನ್ನು ಕರೆದರು. "ಈಗ ಪೊಲೀಸು, ಪಂಚನಾಮೆ ಅಂತ ಸುರು ಆದ್ರೆ ಇವತ್ತಿನ ದಿನ ಹೋಯ್ತು. ಪರಾರಿ ಅಂತ ಬರಿ. ನಿನ್ನ ಅಕ್ಷರ ಚಂದ ಉಂಟು ಮಾರಾಯ್ತಿ, ಬೇಗ ಬರಿ."

ಬರೆದೆ. ಜಾಡಮಾಲಿಗಳು ಅವಳನ್ನು ಹಿಂದಿನ ಬಾಗಿಲಿನಿಂದ ಕೊಂಡೊಯ್ದರು. ಹತ್ತು ಗಂಟೆಗೆ ಬಂದ ಅಧಿಕಾರಿ ರಿಜಿಸ್ಟರ್ ತಿರುವಿ, ಇದನ್ನು ಯಾರು ಬರೆಯುವುದು, ಎಷ್ಟು ನೀಟಾಗಿದೆ ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ನಾಚಿಕೊಂಡು ನಕ್ಕೆ. ಆ ನಗು ನನಗೆ ಈಗಲೂ ನೆನಪಿದೆ. ನೆನಪಿರಬೇಕಾದದ್ದು ನೆನಪಿಲ್ಲ.

ಮಗಳಿಗೆ ಇದನ್ನು ಹೇಳಲಿಲ್ಲ. ಪಕ್ಕದ ಮನೆಗೆ ಹೋಗುವುದನ್ನು ಮೂರು ದಿನ ಮುಂದೂಡಿದೆ. ಮುಂದೂಡುವುದು ನನ್ನ ಪದ್ಧತಿಯಲ್ಲ, ಆ ಮೂರು ದಿನ ನನ್ನ ಬಗ್ಗೆ ನನಗಾದ ಅಸಹ್ಯವನ್ನು ಇಲ್ಲಿ ವಿವರಿಸುವುದಿಲ್ಲ. ನಾಲ್ಕನೆಯ ದಿನ ಸಂಜೆ ಗೋಡೆಯ ಬಳಿ ನಿಲ್ಲದೆ ಗೇಟು ತೆಗೆದು ಒಳಗೆ ಹೋದೆ. ಅಕ್ಕ ಟಿವಿಯ ಮುಂದೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಇನ್ನೇನು ತಂದಿರಿ ಸಿಸ್ಟರ್? ಆ ಈಪೋದವಳ ಫೋಟೋನಾ?"

"ನಾನು ಹೇಳಿದ್ದು ತಪ್ಪು ಅಕ್ಕಾ. ನಿಮ್ಮಪ್ಪ ಓಡಿಹೋಗಲಿಲ್ಲ. ಅಲ್ಲೇ ತೀರಿಕೊಂಡರು."

ಟಿವಿ ಆರಿಸಿದರು. ನಾನು ಚಾಪೆಯಿಂದ ಆರಂಭಿಸಿ ಒಂದೊಂದಾಗಿ ಹೇಳಿದೆ. ಸಾವನ್ನು ಕಣ್ಣಾರೆ ಕಂಡವರ ಮಾತು ಎಲ್ಲೂ ಬರೆದಿಲ್ಲ, ಬಟ್ಟೆ ಸುಟ್ಟದ್ದು ಮಾತ್ರ ಬರೆದಿದೆ, ಅದರಿಂದ ನಾನು ತಿಳಿದದ್ದು ಇದು ಎಂದೂ ಹೇಳಿದೆ. ವೇಷ್ಟಿ ಒಂದು, ತುಂಡು ಒಂದು ಎಂದಾಗ ಅವರು ಕೈಯೆತ್ತಿ ತಡೆದರು.

"ಅಪ್ಪನಿಗೆ ಇದ್ದದ್ದೇ ಎರಡು ವೇಷ್ಟಿ. ಒಂದು ಮನೇಲಿತ್ತು, ಅಮ್ಮ ಅದರಲ್ಲಿ ತಮ್ಮನಿಗೆ ತೊಟ್ಟಿಲು ಕಟ್ಟಿದ್ದಳು. ಇನ್ನೊಂದು ಉಟ್ಕೊಂಡು ಲಾರಿ ಹತ್ತಿದ." ಬೆರಳು ಮಡಿಸಿ ಲೆಕ್ಕ ಹಾಕಿದರು. "ಹಾಗಾದ್ರೆ ಓಡಿದ್ದು ಬರೀ ಮೈಯಲ್ಲಾ? ಹುಣ್ಣು ಕಾಲು, ಬರೀ ಮೈ, ಬೇಲಿ ಹಾರಿ, ಈಪೋವರೆಗೆ! ಅದನ್ನ ನಾವೆಲ್ಲ ನಂಬಿದ್ವಲ್ಲ!"

ನಕ್ಕರು. ಅಂಥ ನಗುವನ್ನು ನಾನು ಆಸ್ಪತ್ರೆಯಲ್ಲಿ ಕೆಲವು ಸಲ ಕೇಳಿದ್ದೇನೆ, ಆಗ ಹತ್ತಿರ ಹೋಗಿ ಭುಜ ಹಿಡಿಯಬೇಕು. ಹಿಡಿದೆ. ಅವರು ನನ್ನ ಕೈ ಸರಿಸಿದರು.

"ಬರೆದನಲ್ಲ, ಅವನಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಿಮಗೆ ಹೇಗೆ ಗೊತ್ತು?"

ಹೇಳದೆ ಎದ್ದು ಬರಬಹುದಿತ್ತು. "ನಾನೂ ಒಂದು ಬರೆದಿದ್ದೇನೆ," ಎಂದೆ. ವರಾಂಡದ ಮುದುಕಿಯ ವಿಷಯ, ಹೆಸರು ತಿಳಿಯದು ಎಂದು ತುಂಬಿದ್ದ ಅಂಕಣ, ಇನ್ಸ್‌ಪೆಕ್ಷನ್, ನನ್ನ ಅಂದದ ಅಕ್ಷರ, ಎಲ್ಲ ಹೇಳಿದೆ. ಅಕ್ಕ ಬೆಳ್ಳುಳ್ಳಿ ಸಿಪ್ಪೆಯನ್ನು ಅಂಗೈಯಲ್ಲಿ ಗುಡಿಸಿ ಗುಡ್ಡೆ ಮಾಡುತ್ತಿದ್ದರು.

"ಅವಳಿಗೂ ಮಗಳಿದ್ಲೇನೋ," ಎಂದರು ಕೊನೆಗೆ. "ಎಲ್ಲೋ ಕೂತು ಬೈತಿದ್ಲೇನೋ, ನನ್ನ ಹಾಗೆ." ಆಮೇಲೆ, "ತಾರೀಖು ಒಂದು ಚೀಟಿಯಲ್ಲಿ ಬರೆದಿಟ್ಟು ಹೋಗಿ ಸಿಸ್ಟರ್. ಬಾಗಿಲು ಮುಂದೆ ಎಳೆದುಕೊಳ್ಳಿ."

ಆಡಿ ಅಮಾವಾಸ್ಯೆಯ ಹಿಂದಿನ ಸಂಜೆ ಅವರ ಮಗ ಬಂದು, ಬೆಳಿಗ್ಗೆ ಅಮ್ಮ ನಿಮ್ಮನ್ನು ಕೋವಿಲಿಗೆ ಬರಹೇಳಿದ್ದಾರೆ, ಏಳಕ್ಕೆ ಎಂದ. ಆರು ಐವತ್ತಕ್ಕೆ ಗೇಟಿನಲ್ಲಿದ್ದೆ.

ತೀರಿಕೊಂಡವರ ಹೆಸರುಗಳನ್ನು ಕೋವಿಲಿನ ಕೌಂಟರಿನಲ್ಲಿ ಸಿಗುವ ಚೀಟಿಯಲ್ಲಿ ಬರೆದು ಕೊಡಬೇಕು, ಪೂಜೆಯ ಅಯ್ಯರ್ ಅದನ್ನು ನೋಡಿ ಕೂಗುತ್ತಾರೆ. ಅಕ್ಕ ಚೀಟಿಯನ್ನು ಮಗನಿಗೆ ಕೊಡದೆ ನನ್ನ ಮುಂದೆ ಇಟ್ಟರು. ಅಪ್ಪನ ಹೆಸರು ಹೇಳಿದರು. ಬರೆದೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ನನ್ನ ಕೈಯಿಂದ ತೆಗೆದುಕೊಂಡು ನೇರ ಕೌಂಟರಿನ ಮುದುಕನ ಬಳಿ ಹೋದರು.

"ಅಯ್ಯಾ, ಇದರಲ್ಲಿ ಏನು ಬರೆದಿದೆ, ಗಟ್ಟಿಯಾಗಿ ಓದಿ."

"ನೀವೇ ಬರೆಸಿದ್ದಲ್ವಾಮ್ಮಾ?"

"ಬರೆಸಿದ್ದು ನಾನು. ಬರೆದದ್ದು ಇವರು. ಓದಿ."

ಮುದುಕ ಓದಿದ. ಅಕ್ಕ ಇನ್ನೊಮ್ಮೆ ಓದಿಸಿದರು. ಆಮೇಲೆ ಚೀಟಿ ಮಗನ ಕೈಗೆ ಹೋಯಿತು, ಅವನು ಹೋಗಿ ಸಾಲಿನಲ್ಲಿ ಕೂತ. ಮಂತ್ರದ ನಡುವೆ ಆ ಹೆಸರು ಮೂರು ಸಲ ಕೇಳಿಸಿತು. ಅಕ್ಕ ಕಂಬಕ್ಕೆ ಒರಗಿ, ತಪ್ಪು ಹುಡುಕುವವರಂತೆ ಕಿವಿ ಕೊಟ್ಟು ಕೇಳಿದರು.

ಮುಗಿದ ಮೇಲೆ ಮತ್ತೆ ಕೌಂಟರಿಗೆ ಬಂದು ಇನ್ನೊಂದು ಖಾಲಿ ಚೀಟಿ ತೆಗೆದು ನನ್ನ ಕಡೆ ಸರಿಸಿದರು.

"ನಿಮ್ಮ ವರಾಂಡದವಳಿಗೆ."

ಪೆನ್ನು ಹಿಡಿದುಕೊಂಡು ನಿಂತೆ. ಅವಳ ತೋಳಿನ ಹಚ್ಚೆ ನೆನಪಿತ್ತು, ಮೂಳೆ ಕಾಣುವ ಬೆನ್ನು, ಒದ್ದೆ ಬಟ್ಟೆ ತಾಗಿದಾಗ ಅವಳು ಉಸಿರು ಎಳೆದುಕೊಂಡದ್ದು, ಎಲ್ಲ ನೆನಪಿತ್ತು. ಎರಡು ಸಲ ಹೇಳಿದ ಹೆಸರು ಬರಲಿಲ್ಲ. ಹಿಂದಿನ ಸಾಲಿನವರು ಗೊಣಗತೊಡಗಿದರು.

"ಹೆಸರಿಲ್ಲದೆ ಆಗಲ್ಲಮ್ಮಾ," ಎಂದ ಕೌಂಟರಿನ ಮುದುಕ. "ಅಯ್ಯರ್ ಏನಂತ ಕೂಗ್ತಾರೆ? ಗೊತ್ತಿಲ್ಲದಿದ್ರೆ ಹೆಸರು ತಿಳಿಯದು ಅಂತಾದ್ರೂ ಬರೆದು ಕೊಡಿ."

"ಅದನ್ನ ಬರೀಬೇಡಿ ಸಿಸ್ಟರ್," ಎಂದರು ಅಕ್ಕ. "ಅದು ಒಂದು ಸಲ ಬರೆದಾಗಿದೆ."

ಚೀಟಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಈಗ ಅದು ನನ್ನ ಮೇಜಿನ ಡ್ರಾಯರಿನಲ್ಲಿದೆ. ಬೆಳಿಗ್ಗೆ ಐದಕ್ಕೆ ಎದ್ದು, ಸ್ನಾನಕ್ಕೆ ಮೊದಲು, ನಮ್ಮ ಕರಾವಳಿಯ ಆ ಕಾಲದ ಹೆಂಗಸರ ಹೆಸರುಗಳನ್ನು ಒಂದೊಂದಾಗಿ ಬಾಯಿ ಬಿಟ್ಟು ಹೇಳಿ ನೋಡುತ್ತೇನೆ. ಇನ್ನೂ ಯಾವುದೂ ಅವಳ ದನಿಯಲ್ಲಿ ಕೇಳಿಸಿಲ್ಲ.